ಲ್ಯಾಪ್‌ಟಾಪ್‌ಗೆ ಮೊದಲು ಚೀಲದ ಅಳತೆ

ಬೈಕ್ ಪ್ರಯಾಣಕ್ಕೆ ಒಯ್ಯಲು ಯಾವ ಲ್ಯಾಪ್‌ಟಾಪ್ ಒಳ್ಳೆಯದು ಎಂದು ಕೇಳುವವರು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಮಾತು ಶುರುಮಾಡಿ, ರ‍್ಯಾಮ್ ದಾಟಿ, ಬೆಲೆಯಲ್ಲಿ ಬಂದು ನಿಲ್ಲುತ್ತಾರೆ. ಅದು ಬೈಕ್‌ನ ಮೇಲೆ ಎಲ್ಲಿ ಕೂರುತ್ತದೆ ಎಂಬ ಪ್ರಶ್ನೆ ಹುಟ್ಟುವುದು ಹೊರಡುವ ದಿನ ಬೆಳಗ್ಗೆ, ಅಂಗಳದಲ್ಲಿ ನಿಂತು ಹಗ್ಗ ಹುಡುಕುವ ಹೊತ್ತಿಗೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಬೈಕ್‌ನಲ್ಲಿ ಚೀಲ ಕೂರುವ ಜಾಗವನ್ನು ಮೊದಲು ನಿಶ್ಚಯಿಸಿ, ಆ ಜಾಗಕ್ಕೆ ಒಪ್ಪುವ ಚೀಲವನ್ನು ಕೊಂಡು, ಅದರ ಒಳಗಿನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋದರೆ, ನೋಡಬೇಕಾದ ಲ್ಯಾಪ್‌ಟಾಪ್‌ಗಳ ಸಂಖ್ಯೆ ತಾನಾಗಿಯೇ ಬೆರಳೆಣಿಕೆಗೆ ಇಳಿಯುತ್ತದೆ.

ನನ್ನ ಅಗತ್ಯ ಏನೆಂದು ಮೊದಲೇ ಹೇಳಬೇಕು, ಇಲ್ಲವಾದರೆ ಮುಂದಿನ ಮಾತಿಗೆ ಬುಡವಿರುವುದಿಲ್ಲ. ಕಾಸರಗೋಡು ಜಿಲ್ಲೆಯ ಬಡಗು ಭಾಗದ ಬಾಯಾರು, ಪೈವಳಿಕೆ, ಪೆರ್ಲ, ಎಣ್ಮಕಜೆಯ ಕಡೆಯ ಗುಡ್ಡಗಳಲ್ಲಿ ಮುರಕಲ್ಲನ್ನು (ಜಂಬಿಟ್ಟಿಗೆ ಕಲ್ಲನ್ನು) ಅಡ್ಡಲಾಗಿ ಕೊರೆದು ನೀರು ತೆಗೆಯುವ ಸುರಂಗಗಳಿವೆ. ಬಾವಿಯಂತೆ ಕೆಳಕ್ಕಿಳಿಯದೆ ಗುಡ್ಡದೊಳಗೆ ನೇರ ಸಾಗುವ, ಒಬ್ಬ ಮನುಷ್ಯ ನುಸುಳುವಷ್ಟು ಮಾತ್ರ ಅಗಲವಿರುವ ಈ ಸುರಂಗಗಳಲ್ಲಿ ಒಸರುವ ನೀರು ಪಂಪಿನ ಹಂಗಿಲ್ಲದೆ ಹರಿದು ಬಂದು ಹೊರಗಿನ ತೊಟ್ಟಿಯಲ್ಲಿ ನಿಂತು, ಅಲ್ಲಿಂದ ಅಡಕೆ ತೋಟಕ್ಕೆ ಇಳಿಯುತ್ತದೆ. ಇವುಗಳ ಚಿತ್ರ ತೆಗೆದು, ಉದ್ದಗಲ ಅಳೆದು, ಮನೆಯ ಹಿರಿಯರು ನೆನಪಿನಿಂದ ಹೇಳಿದ್ದನ್ನು ಬರೆದಿಡುವುದು ನನ್ನ ಬಿಡುವಿನ ಕೆಲಸ. ಕತ್ತಲಲ್ಲಿ ಟಾರ್ಚ್ ಹಿಡಿದು ತೆಗೆದ ಚಿತ್ರ ಕ್ಯಾಮರಾದ ಮೂರು ಇಂಚಿನ ಪರದೆಯಲ್ಲಿ ಚೊಕ್ಕವಾಗಿ ಕಾಣುತ್ತದೆ. ಅದು ಅಲುಗಾಡಿ ಮಸುಕಾಗಿದೆ ಎಂಬುದು ದೊಡ್ಡ ಪರದೆಯಲ್ಲಿ ಹಾಕಿದಾಗಲೇ ತಿಳಿಯುವುದು. ಮತ್ತೆ ಒಳಗೆ ಹೋಗಬೇಕಾದರೆ ಅದೇ ದಿನ, ಅದೇ ಮನೆಯವರು ಇರುವಾಗಲೇ ಹೋಗಬೇಕು. ಆದ್ದರಿಂದ ಲ್ಯಾಪ್‌ಟಾಪ್ ನನ್ನ ಜೊತೆ ಗುಡ್ಡ ಹತ್ತುತ್ತದೆ. ಚೆರ್ಕಳದಿಂದ ಜಾಲ್ಸೂರು, ಸಂಪಾಜೆ ಹಾದು ಮಡಿಕೇರಿಗೆ, ಅಥವಾ ಪಾಣತ್ತೂರಿನಿಂದ ಕರಿಕೆಯ ಕಾಡುದಾರಿಯಲ್ಲಿ ಭಾಗಮಂಡಲಕ್ಕೆ ಹೋಗುವ ದೂರದ ಸವಾರಿಗಳಲ್ಲೂ ಅದು ಇರುತ್ತದೆ, ರಾತ್ರಿ ತಂಗಿದಲ್ಲಿ ಬರೆಯಲು.

ಚಿತ್ರಗಳ ಇನ್ನೊಂದು ಪ್ರತಿ ತೆಗೆದಿಡುವುದಷ್ಟೇ ಉದ್ದೇಶವಾದರೆ ಲ್ಯಾಪ್‌ಟಾಪ್ ಬೇಡವೇ ಬೇಡ. ಫೋನಿಗೆ ಒಂದು ಕಾರ್ಡ್ ರೀಡರ್, ಜೇಬಿನಲ್ಲಿ ಹಿಡಿಸುವ ಒಂದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಡಿಸ್ಕ್) ಸಾಕು. ದಿನಕ್ಕೆ ಒಂದೆರಡು ಪುಟವಾದರೂ ಬರೆಯುವವರಿಗೆ, ಚಿತ್ರಗಳನ್ನು ಆಯ್ದು ಹೆಸರಿಡುವವರಿಗೆ ಮಾತ್ರ ಈ ಒಂದೂಕಾಲು ಕಿಲೋ ಹೊರುವುದರಲ್ಲಿ ಅರ್ಥವಿದೆ.

ಬೈಕ್‌ನಲ್ಲಿ ಲ್ಯಾಪ್‌ಟಾಪ್ ಇಡಬಹುದಾದ ಜಾಗಗಳು ನಾಲ್ಕು: ಸವಾರನ ಬೆನ್ನು, ಪೆಟ್ರೋಲ್ ಟ್ಯಾಂಕಿನ ಮೇಲೆ, ಸೀಟಿನ ಎರಡು ಬದಿ, ಮತ್ತು ಹಿಂಬದಿಯ ಪೆಟ್ಟಿಗೆ. ಹೆಚ್ಚಿನವರು ಪೆಟ್ಟಿಗೆಯನ್ನು ನೆಚ್ಚುತ್ತಾರೆ, ಏಕೆಂದರೆ ಅದಕ್ಕೆ ಬೀಗವಿದೆ, ಮಳೆ ನೀರು ಒಳಬರುವುದಿಲ್ಲ. ಆದರೆ ಆ ಪೆಟ್ಟಿಗೆ ಕೂರುವುದು ಹಿಂಚಕ್ರದ ಅಚ್ಚಿಗಿಂತಲೂ ಹಿಂದೆ, ಗಾಳಿಯಲ್ಲಿ ಚಾಚಿಕೊಂಡ ತುದಿಯಲ್ಲಿ. ಬೈಕ್ ಹೊಂಡಕ್ಕೆ ಇಳಿದು ಏಳುವಾಗ ಎರಡು ಚಕ್ರಗಳ ನಡುವಿನ ಭಾಗ ಅಲುಗುವುದು ಕಡಿಮೆ, ತುದಿಗಳು ಎಗರುವುದು ಹೆಚ್ಚು. ಪೆಟ್ಟಿಗೆಯ ಗಟ್ಟಿ ಪ್ಲಾಸ್ಟಿಕ್ ತಳದ ಮೇಲೆ ಲ್ಯಾಪ್‌ಟಾಪ್ ಹಾರಿ ಹಾರಿ ಬೀಳುತ್ತದೆ, ಜೊತೆಗಿಟ್ಟ ಟೂಲ್ ಕಿಟ್ ಅದರ ಮೇಲೆ ಬೀಳುತ್ತದೆ. ಬದಿಯ ಚೀಲಗಳು ಇದಕ್ಕಿಂತ ಕೆಳಗೆ, ಅಚ್ಚಿಗೆ ಹತ್ತಿರ ಇರುವುದರಿಂದ ಕುಲುಕಾಟದ ಮಟ್ಟಿಗೆ ವಾಸಿ. ಆದರೆ ಬೈಕ್ ನಿಂತಲ್ಲೇ ವಾಲಿ ಬಿದ್ದರೂ ಮೊದಲ ಪೆಟ್ಟು ಅವಕ್ಕೇ.

ಬೆನ್ನಿನ ಚೀಲದ ವಿಷಯದಲ್ಲಿ ನನಗೆ ಎರಡು ಮನಸ್ಸಿದೆ. ಯಂತ್ರಕ್ಕೆ ಅದಕ್ಕಿಂತ ಸುಖದ ಜಾಗವಿಲ್ಲ, ಏಕೆಂದರೆ ಸವಾರನ ಸೊಂಟ, ಬೆನ್ನುಗಳೇ ಹೊಂಡಗಳ ಪೆಟ್ಟನ್ನು ನುಂಗಿಕೊಳ್ಳುತ್ತವೆ. ಆದರೆ ಜಾರಿ ಬಿದ್ದಾಗ ಬೆನ್ನೆಲುಬಿಗೆ ಒತ್ತಿಕೊಂಡು ಒಂದು ಗಟ್ಟಿ ಲೋಹದ ಹಲಗೆ ಇರುತ್ತದೆ ಎಂಬುದನ್ನು ಮರೆಯಬಾರದು. ಸಣ್ಣ ಸವಾರಿಗೆ ಸರಿ, ದಿನವಿಡೀ ಓಡಿಸುವಾಗ ಭುಜ ಹಿಡಿದುಕೊಳ್ಳುತ್ತದೆ. ಹೀಗೆ ಒಂದೊಂದನ್ನೇ ಕಳೆದುಕೊಂಡು ಬಂದರೆ ಉಳಿಯುವುದು ಟ್ಯಾಂಕಿನ ಮೇಲಿನ ಚೀಲ. ಅದು ಎರಡು ಚಕ್ರಗಳ ನಡುವೆ ಇದೆ, ಸದಾ ಕಣ್ಣೆದುರಿಗಿದೆ, ಚಹಾ ಕುಡಿಯಲು ಇಳಿದಾಗ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಪೆಟ್ರೋಲ್ ಹಾಕಿಸುವಾಗಲೆಲ್ಲ ಅದನ್ನು ತೆಗೆಯಬೇಕು, ಅಷ್ಟೇ ಕಿರಿಕಿರಿ. ಕೆಲವು ಟ್ಯಾಂಕ್ ಚೀಲಗಳ ತಳದಲ್ಲಿ ಅಯಸ್ಕಾಂತಗಳಿರುತ್ತವೆ. ಎಸ್‌ಎಸ್‌ಡಿಯಲ್ಲಿರುವ ಕಡತಗಳಿಗೆ ಅವುಗಳಿಂದ ಅಪಾಯವಿಲ್ಲ, ಆದರೆ ಲ್ಯಾಪ್‌ಟಾಪ್‌ನ ಮುಚ್ಚಳ ಮುಚ್ಚಿದೆಯೇ ತೆರೆದಿದೆಯೇ ಎಂದು ತಿಳಿಯುವ ಸಂವೇದಕವೂ ಅಯಸ್ಕಾಂತದಿಂದಲೇ ಕೆಲಸ ಮಾಡುವುದರಿಂದ ಅದು ಗೊಂದಲಕ್ಕೆ ಬೀಳಬಹುದು. ಬೆಲ್ಟಿನಿಂದ ಕಟ್ಟುವ ಚೀಲವೇ ನನಗೆ ಮೆಚ್ಚು.

ಸಾಮಾನ್ಯ ಟ್ಯಾಂಕ್ ಚೀಲದ ತಳ ಎ4 ಹಾಳೆಗಿಂತ ತುಸು ದೊಡ್ಡದು. ಎ4 ಹಾಳೆಯ ಅಳತೆ 29.7 ಸೆಂ.ಮೀ. ಉದ್ದ, 21 ಸೆಂ.ಮೀ. ಅಗಲ. 13 ಇಂಚಿನ ಪರದೆಯ ಲ್ಯಾಪ್‌ಟಾಪ್‌ಗಳು ಹೆಚ್ಚುಕಡಿಮೆ ಇದೇ ಗಾತ್ರದವು. ಆ್ಯಪಲ್‌ನ 2020ರ ಎಂ1 ಮ್ಯಾಕ್‌ಬುಕ್ ಏರ್ 30.4 ಸೆಂ.ಮೀ. ಉದ್ದ, 21.2 ಸೆಂ.ಮೀ. ಅಗಲವಿದ್ದು 1.29 ಕಿಲೋ ತೂಗುತ್ತದೆ. ಅಂಚು ಸಣ್ಣದಿರುವ 14 ಇಂಚಿನವು ಕಷ್ಟಪಟ್ಟು ಒಳಗೆ ಹೋಗುತ್ತವೆ. 15.6 ಇಂಚಿನದರಲ್ಲಿ ಪರದೆಯೊಂದೇ 34.5 ಸೆಂ.ಮೀ. ಉದ್ದವಿರುವುದರಿಂದ ಅದರ ಮಾತು ಇಲ್ಲಿಗೇ ಮುಗಿಯಿತು. ಅಂಗಡಿಯವರು ಹೇಳುವ ಇಂಚು ಪರದೆಯ ಕರ್ಣದ್ದು, ಯಂತ್ರದ ಹೊರಗಾತ್ರದ್ದಲ್ಲ. ಅಳತೆ ಟೇಪನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದಕ್ಕೆ ನಾಚಿಕೆಪಡಬೇಕಾಗಿಲ್ಲ.

ಕಂಪನದ ಬಗ್ಗೆ ಜನರಲ್ಲಿ ಭಯವೂ ಇದೆ, ಉಡಾಫೆಯೂ ಇದೆ. 2021ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಕಂಪೆನಿಯು, ಹೆಚ್ಚು ಶಕ್ತಿಯ ಬೈಕ್ ಎಂಜಿನ್‌ಗಳ ಕಂಪನಕ್ಕೆ ಐಫೋನನ್ನು ಬಹುಕಾಲ ಒಡ್ಡಿದರೆ ಅದರ ಕ್ಯಾಮರಾದ ಗುಣಮಟ್ಟ ಕುಗ್ಗಬಹುದು ಎಂದು ಬಳಕೆದಾರರನ್ನು ಎಚ್ಚರಿಸಿತ್ತು. ಹ್ಯಾಂಡಲ್‌ಬಾರ್‌ಗೆ ಬಿಗಿದ ಫೋನಿನೊಳಗೆ ಲೆನ್ಸನ್ನು ಅಲುಗಿಸಿ ಚಿತ್ರವನ್ನು ಸ್ಥಿರಗೊಳಿಸುವ ಸೂಕ್ಷ್ಮ ಭಾಗಗಳಿರುವುದೇ ಅದಕ್ಕೆ ಕಾರಣ. ಲ್ಯಾಪ್‌ಟಾಪ್‌ನಲ್ಲಿ ಅಂಥ ಭಾಗ ಒಂದು ಕಾಲಕ್ಕೆ ಇತ್ತು, ಅದು ತಿರುಗುವ ಹಾರ್ಡ್ ಡಿಸ್ಕ್. ಓದುವ ಸೂಜಿಯು ತಿರುಗುತ್ತಿರುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುವ ಆ ಯಂತ್ರವನ್ನು ಚಾಲೂ ಇಟ್ಟು ಒಂದು ಸಿಲಿಂಡರಿನ ಬೈಕ್‌ನ ಮೇಲೆ ಹೇರುವುದು ಕೇಡಿಗೆ ದಾರಿ. ಈಗಿನ ಸಣ್ಣ ಲ್ಯಾಪ್‌ಟಾಪ್‌ಗಳಲ್ಲೆಲ್ಲ ಎಸ್‌ಎಸ್‌ಡಿ ಇರುವುದರಿಂದ ಅಲುಗುವ ಭಾಗವೆಂದರೆ ಫ್ಯಾನ್ ಒಂದೇ, ಕೆಲವಲ್ಲಿ ಅದೂ ಇಲ್ಲ. ಇನ್ನು ಉಳಿದದ್ದು ಸಡಿಲಗೊಳ್ಳುವ ಸ್ಕ್ರೂಗಳು ಮತ್ತು ತಿರುಪಣೆ ಸವೆದ ಕೀಲುಗಳು. ಹಳೆಯದನ್ನು ಕೊಳ್ಳುವವರು ತಳದ ಸ್ಕ್ರೂ ಒಂದಾದರೂ ಮಾಯವಾಗಿದೆಯೇ ಎಂದು ತಿರುಗಿಸಿ ನೋಡಬೇಕು.

ಕಂಪನಕ್ಕಿಂತ ನಾನು ಹೆಚ್ಚು ಹೆದರುವುದು ಒತ್ತಡಕ್ಕೆ. ಬ್ರೇಕ್ ಹಿಡಿದಾಗ ಸವಾರನ ಎದೆ ಟ್ಯಾಂಕ್ ಚೀಲದ ಮೇಲೆ ಬೀಳುತ್ತದೆ, ಚೀಲದೊಳಗಿನ ಚಾರ್ಜರ್ ಇಟ್ಟಿಗೆ ಮುಚ್ಚಳದ ಒಂದೇ ಬಿಂದುವನ್ನು ಒತ್ತುತ್ತದೆ, ಪರದೆಯ ಗಾಜು ಅಲ್ಲಿ ಬಿರಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ಮುಚ್ಚಳದ ಎರಡು ಮೂಲೆಗಳನ್ನು ಹಿಡಿದು ಮೆಲ್ಲನೆ ತಿರುಚಿ ನೋಡುವುದು ನನ್ನ ಪದ್ಧತಿ. ಹಸಿ ಹಪ್ಪಳದಂತೆ ಬಾಗಿದರೆ ಅದನ್ನು ಅಲ್ಲೇ ಕೆಳಗಿಡುತ್ತೇನೆ, ಅದರ ಪ್ರೊಸೆಸರ್ ಎಷ್ಟೇ ಹೊಸದಿರಲಿ. ಅಲ್ಯೂಮಿನಿಯಂ, ಮ್ಯಾಗ್ನೀಷಿಯಂ ಮಿಶ್ರಲೋಹ, ಕಾರ್ಬನ್ ಫೈಬರ್ ಇವುಗಳಲ್ಲಿ ಯಾವುದಾದರೂ ಆದೀತು. ತೆಳು ಪ್ಲಾಸ್ಟಿಕ್ ಮುಚ್ಚಳ ಬೇಡ. ಮೃದು ಫೋಮ್ ಕವರ್ ಗೀರುಗಳನ್ನು ತಡೆಯುತ್ತದೆಯೇ ಹೊರತು ಒತ್ತಡವನ್ನು ತಡೆಯುವುದಿಲ್ಲ, ಹಾಗಾಗಿ ಅದರ ಹೊರಗೆ ಮುಚ್ಚಳದ ಕಡೆಗೆ ಒಂದು ತೆಳು ಪ್ಲೈವುಡ್ ತುಂಡನ್ನು ಇಡುತ್ತೇನೆ. ಅಡಕೆ ಹಾಳೆಯೂ ಹಗುರ, ಗಟ್ಟಿ, ಮನೆಯಲ್ಲೇ ಸಿಗುತ್ತದೆ. ಬೇಸಗೆಯಲ್ಲಿ ಚೆನ್ನಾಗಿಯೇ ಆಗುತ್ತದೆ, ಆದರೆ ಮಳೆಗಾಲದ ಆಟಿ ತಿಂಗಳಲ್ಲಿ ಅದಕ್ಕೆ ಬೂಸರು ಹಿಡಿಯುತ್ತದೆ.

ಜಾಹೀರಾತುಗಳಲ್ಲಿ ಕಾಣುವ ಮಿಲ್-ಎಸ್‌ಟಿಡಿ-810 ಎಂಬ ಮುದ್ರೆಯನ್ನು ನೋಡಿ ಮರುಳಾಗುವುದು ಬೇಡ. ಅದು ಅಮೆರಿಕದ ಸೇನೆಗಾಗಿ 1962ರಲ್ಲಿ ಮೊದಲು ಹೊರಬಂದು, ಮತ್ತೆ ಮತ್ತೆ ಪರಿಷ್ಕೃತವಾಗಿ, 2019ರಲ್ಲಿ 810ಎಚ್ ಎಂಬ ರೂಪಕ್ಕೆ ಬಂದ ಪರೀಕ್ಷಾ ವಿಧಾನಗಳ ಒಂದು ದೊಡ್ಡ ಸಂಕಲನ. ಅದರಲ್ಲಿ ಕಂಪನ, ಬೀಳುವಿಕೆ, ಧೂಳು, ತೇವ, ಉಪ್ಪು ಗಾಳಿ ಎಲ್ಲವುಗಳ ಪರೀಕ್ಷೆಗಳೂ ಇವೆ. ಆದರೆ ಯಾವ ಪರೀಕ್ಷೆಯನ್ನು ಎಷ್ಟು ಕಟುವಾಗಿ ಮಾಡಬೇಕೆಂದು ಆರಿಸುವವರು ಬಹುಮಟ್ಟಿಗೆ ತಯಾರಕರೇ. ಮುದ್ರೆಯ ಕೆಳಗೆ ಯಾವ ಯಾವ ಪರೀಕ್ಷೆಗಳೆಂದು ಪಟ್ಟಿ ಕೊಟ್ಟಿದ್ದರೆ ಓದಬೇಕು, ಇಲ್ಲದಿದ್ದರೆ ಅದನ್ನು ಅಲಂಕಾರವೆಂದು ಬಗೆಯಬೇಕು.

ಧೂಳು ನಮ್ಮ ಊರಿನ ಸ್ವಂತ ಸಮಸ್ಯೆ. ತಲಪಾಡಿಯಿಂದ ತೆಂಕಕ್ಕೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲಗೊಳ್ಳುತ್ತಿದ್ದಾಗ ಇಲ್ಲಿ ಸವಾರಿ ಮಾಡಿದವರಿಗೆ ಮುರಕಲ್ಲಿನ ಕೆಂಪು ಹುಡಿ ಎಲ್ಲೆಲ್ಲಿ ನುಗ್ಗಬಲ್ಲುದೆಂದು ವಿವರಿಸಬೇಕಾಗಿಲ್ಲ. ಫ್ಯಾನ್ ಇಲ್ಲದ ಲ್ಯಾಪ್‌ಟಾಪ್ ಆ ಹುಡಿಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ ಎಂಬುದು ದೊಡ್ಡ ಅನುಕೂಲ. ಆದರೆ ಫ್ಯಾನ್ ಇಲ್ಲದ ಮಾತ್ರಕ್ಕೆ ಧೂಳಿನ ಭಯ ತೀರಿತೆಂದಲ್ಲ: ಆ್ಯಪಲ್ 2015ರಲ್ಲಿ ತಂದ, ಒಂದು ಕಿಲೋಗೂ ಕಡಿಮೆ ತೂಗುತ್ತಿದ್ದ 12 ಇಂಚಿನ ಮ್ಯಾಕ್‌ಬುಕ್‌ನಲ್ಲಿ ಫ್ಯಾನ್ ಇರಲಿಲ್ಲ, ಆದರೆ ಅದರ ತೀರ ತೆಳ್ಳಗಿನ ಕೀಲಿಗಳಡಿ ಒಂದು ಕಣ ಸೇರಿದರೂ ಕೀಲಿ ಏಳದೆ ಹೋಗುವ ದೂರುಗಳು ಹೆಚ್ಚಿ, 2018ರಲ್ಲಿ ಕಂಪೆನಿಯೇ ಉಚಿತ ದುರಸ್ತಿಯ ಯೋಜನೆ ಪ್ರಕಟಿಸಬೇಕಾಯಿತು. ಬೆಲೆ ಇಳಿದಿದೆಯೆಂದು ಅದನ್ನು ಇಂದು ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೊರಟವರಿಗೆ ನಾನು ಬೇಡವೆಂದೇ ಹೇಳುವೆ.

ಕೀಲಿಮಣೆಯ ಮಾತು ಬಂದ ಮೇಲೆ ಕನ್ನಡ ಬರೆಯುವವರು ಮಾತ್ರ ಗಮನಿಸಬೇಕಾದ ಒಂದು ಅಂಶವನ್ನು ಹೇಳಲೇಬೇಕು, ಏಕೆಂದರೆ ಇಂಗ್ಲಿಷ್ ವಿಮರ್ಶೆಗಳಲ್ಲಿ ಅದು ಎಂದಿಗೂ ಸಿಗುವುದಿಲ್ಲ. ನಾವು ಶಿಫ್ಟ್ ಕೀಲಿಯನ್ನು ಇಂಗ್ಲಿಷ್ ಬರೆಯುವವರಿಗಿಂತ ಎಷ್ಟೋ ಪಾಲು ಹೆಚ್ಚು ಒತ್ತುತ್ತೇವೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸದಲ್ಲಿ ಮಹಾಪ್ರಾಣಗಳಿಗೆ, ದೀರ್ಘಗಳಿಗೆ, ಣಕಾರಕ್ಕೆ, ಳಕಾರಕ್ಕೆ ಎಲ್ಲಕ್ಕೂ ಶಿಫ್ಟ್ ಬೇಕು. ‘ಗಳು’ ಎಂದು ಮುಗಿಯುವ ಪ್ರತಿಯೊಂದು ಬಹುವಚನಕ್ಕೂ ಒಮ್ಮೆ ಎಡಗೈಯ ಕಿರುಬೆರಳು ಕೆಳಗಿಳಿಯಬೇಕು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕೀಲಿಯ ಜಾಗ ಬೇರೆಯಾದರೂ ಳಕಾರಕ್ಕೆ ಶಿಫ್ಟ್ ತಪ್ಪಿದ್ದಲ್ಲ. ಗಾತ್ರ ಕುಗ್ಗಿಸುವ ತಯಾರಕರು ಮೊದಲು ಕತ್ತರಿ ಹಾಕುವುದು ಬದಿಯ ಕೀಲಿಗಳಿಗೆ. ಅದರ ಮೇಲೆ, ವಿದೇಶದ ಕಚೇರಿಗಳಲ್ಲಿ ಬಳಸಿ ಇಲ್ಲಿ ಮಾರಾಟಕ್ಕೆ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಬ್ರಿಟಿಷ್ ಅಥವಾ ಜರ್ಮನ್ ಕೀಲಿಮಣೆಗಳಿದ್ದರೆ, ಅವುಗಳ ಎಡ ಶಿಫ್ಟ್ ಅರ್ಧದಷ್ಟಾಗಿ, ಪಕ್ಕದಲ್ಲಿ ಇನ್ನೊಂದು ಹೆಚ್ಚುವರಿ ಕೀಲಿ ಕುಳಿತಿರುತ್ತದೆ. ಅಂಥದ್ದರಲ್ಲಿ ಒಂದು ಪುಟ ಕನ್ನಡ ಬರೆದರೆ ‘ಗಳು’ಗಳೆಲ್ಲ ‘ಗಲು’ಗಳಾಗಿ, ನಡುನಡುವೆ ಯಾವುದೋ ಗೆರೆಗಳು ಮೂಡಿರುತ್ತವೆ. ಹಾಗಾಗಿ ಕೊಳ್ಳುವ ಮುನ್ನ ಅಂಗಡಿಯ ಕಟ್ಟೆಯ ಮೇಲೆ ನಿಂತಲ್ಲೇ ಒಂದು ಕನ್ನಡ ಪ್ಯಾರಾ ಬರೆದು ನೋಡಬೇಕು. ಅಂಗಡಿಯವರಿಗೆ ಅವಸರವಿದ್ದರೆ ಇರಲಿ.

ಚಾರ್ಜಿಂಗ್ ವಿಷಯದಲ್ಲಿ ಲೆಕ್ಕವೇ ಮಾತಾಡುತ್ತದೆ. 350 ಸಿಸಿ ಬೈಕ್‌ನ ಬ್ಯಾಟರಿ ಸಾಧಾರಣವಾಗಿ 12 ವೋಲ್ಟಿನ, ಸುಮಾರು 8 ಆಂಪಿಯರ್-ಗಂಟೆಯದು. ಗುಣಿಸಿದರೆ 96 ವ್ಯಾಟ್-ಗಂಟೆ. ಸಣ್ಣ ಲ್ಯಾಪ್‌ಟಾಪ್‌ನ ಬ್ಯಾಟರಿ 50 ವ್ಯಾಟ್-ಗಂಟೆ ಆಸುಪಾಸಿನದು. ಅಂದರೆ ಎಂಜಿನ್ ಆರಿಸಿ ಬೈಕ್‌ನಿಂದ ಲ್ಯಾಪ್‌ಟಾಪ್ ಪೂರ್ತಿ ತುಂಬಿಸಿದರೆ ಬೈಕ್‌ನ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಬರಿದಾಗಿರುತ್ತದೆ, ಮತ್ತು ಕಿಕ್ಕರ್ ಇಲ್ಲದ ಈಗಿನ ಬೈಕ್‌ಗಳಲ್ಲಿ ಅದರ ಫಲವನ್ನು ಊಹಿಸಿಕೊಳ್ಳಬಹುದು. ಎಂಜಿನ್ ಓಡುತ್ತಿರುವಾಗ ಚಾರ್ಜ್ ಮಾಡಬಹುದು, ಆದರೆ 2017ರ ಏಪ್ರಿಲ್‌ನಿಂದ ಹೊಸ ಬೈಕ್‌ಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯುವ ನಿಯಮವಿರುವುದರಿಂದ ಆಲ್ಟರ್ನೇಟರಿನ ಒಂದು ಪಾಲು ಮೊದಲೇ ಅಲ್ಲಿಗೆ ಹೋಗಿರುತ್ತದೆ. ಹ್ಯಾಂಡಲ್ ಬಳಿ ಇರುವ ಸಾಮಾನ್ಯ ಯುಎಸ್‌ಬಿ ಕಿಂಡಿ ಕೊಡುವ 10 ವ್ಯಾಟ್ ಫೋನಿಗೆ ಸಾಕು; ಲ್ಯಾಪ್‌ಟಾಪ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ನಾನು ಕಂಡುಕೊಂಡ ದಾರಿ ಪವರ್ ಬ್ಯಾಂಕ್. ಓಡುವಾಗ ಬೈಕ್‌ನಿಂದ ಪವರ್ ಬ್ಯಾಂಕಿಗೆ, ನಿಂತಾಗ ಪವರ್ ಬ್ಯಾಂಕಿನಿಂದ ಲ್ಯಾಪ್‌ಟಾಪ್‌ಗೆ. ಕಂಪಿಸುವ ಬೈಕ್‌ನಲ್ಲಿ ಕೇಬಲ್ ಸಿಕ್ಕಿಸಿಟ್ಟರೆ ಕಿಂಡಿ ಸಡಿಲಗೊಳ್ಳುವುದು ಖಂಡಿತ, ಹಾಗೆ ಸಡಿಲಗೊಳ್ಳುವುದಾದರೆ ಪವರ್ ಬ್ಯಾಂಕಿನದ್ದು ಸಡಿಲಗೊಳ್ಳಲಿ, ಮದರ್‌ಬೋರ್ಡಿಗೆ ಬೆಸೆದ ಲ್ಯಾಪ್‌ಟಾಪ್‌ನ ಕಿಂಡಿ ಉಳಿಯಲಿ ಎಂಬುದು ಇದರ ಹಿಂದಿನ ಲೆಕ್ಕ. 20,000 ಎಂಎಎಚ್ ಎಂದು ಬರೆದ ಪವರ್ ಬ್ಯಾಂಕಿನಲ್ಲಿ 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್-ಗಂಟೆ ಇರುತ್ತದೆ. ಸೋರಿಕೆ ಕಳೆದರೆ ಸಣ್ಣ ಲ್ಯಾಪ್‌ಟಾಪ್ ಒಂದನ್ನು ಒಂದು ಸಲ ತುಂಬಿಸಲು ಸಾಕು. ಆದರೆ ಅದು ಯುಎಸ್‌ಬಿ ಪವರ್ ಡೆಲಿವರಿ ಎಂಬ, ಯುಎಸ್‌ಬಿ-ಸಿ ಕಿಂಡಿಯಿಂದ ಹೆಚ್ಚು ವಿದ್ಯುತ್ ಹರಿಸುವ ಪದ್ಧತಿಯಲ್ಲಿ 20 ವೋಲ್ಟ್, ಕನಿಷ್ಠ 45 ವ್ಯಾಟ್ ಕೊಡುವಂಥದ್ದಾಗಿರಬೇಕು. ಅಗ್ಗದ 18 ಅಥವಾ 22.5 ವ್ಯಾಟಿನವು ಅನೇಕ ಲ್ಯಾಪ್‌ಟಾಪ್‌ಗಳಿಗೆ ಒಗ್ಗುವುದಿಲ್ಲ. ಈ ಕಾರಣಕ್ಕೆ ಯುಎಸ್‌ಬಿ-ಸಿ ಕಿಂಡಿಯಿಂದ ಚಾರ್ಜ್ ಆಗದ, ತನ್ನದೇ ದುಂಡು ಪಿನ್ನಿನ ಚಾರ್ಜರ್ ಬೇಡುವ ಲ್ಯಾಪ್‌ಟಾಪನ್ನು ಬೈಕ್‌ಗೆಂದು ಕೊಳ್ಳಬಾರದು. ಫೋನಿಗೂ, ಕ್ಯಾಮರಾಕ್ಕೂ, ಲ್ಯಾಪ್‌ಟಾಪ್‌ಗೂ ಒಂದೇ ಚಾರ್ಜರ್ ಆದರೆ ಚೀಲದ ತೂಕದಲ್ಲಿ ಅರ್ಧ ಕಿಲೋದಷ್ಟು ಇಳಿಯುತ್ತದೆ. ಗಾಳಿಮಳೆಗೆ ಮರ ಬಿದ್ದು ಒಳನಾಡಿನ ಮನೆಗಳಲ್ಲಿ ಎರಡೆರಡು ದಿನ ಕರೆಂಟ್ ಇಲ್ಲದಿರುವ ಜೂನ್-ಜುಲೈಯಲ್ಲಿ ಈ ವ್ಯವಸ್ಥೆಯ ಬೆಲೆ ತಿಳಿಯುತ್ತದೆ.

ಮಳೆಯ ಬಗ್ಗೆ ಒಂದೇ ಮಾತು: ಚೀಲದ ಮೇಲೆ ಹೊದಿಸುವ ರೈನ್ ಕವರನ್ನು ನಂಬಬಾರದು. ಕಾಸರಗೋಡಿನಲ್ಲಿ ವರ್ಷಕ್ಕೆ ಬೀಳುವ ಮಳೆ 3,000 ಮಿ.ಮೀ. ದಾಟುತ್ತದೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲೇ. ಬೆನ್ನಿಗೂ ಚೀಲಕ್ಕೂ ನಡುವೆ ಕತ್ತಿನಿಂದಿಳಿದ ನೀರು ಕವರಿನ ಒಳಗೇ ನಿಲ್ಲುತ್ತದೆ. ಬಾಯಿ ಸುತ್ತಿ ಮಡಚಿ ಬಿಗಿಯುವ ಡ್ರೈ ಬ್ಯಾಗನ್ನು ಚೀಲದ ಒಳಗೆ ಇಟ್ಟು ಅದರೊಳಗೆ ಲ್ಯಾಪ್‌ಟಾಪ್ ಇಡಬೇಕು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಕಾಣದ ನೀರು ಇನ್ನೂ ಅಪಾಯದ್ದು. ಮಡಿಕೇರಿಯ ಚಳಿಯಲ್ಲಿ ರಾತ್ರಿ ತಣ್ಣಗಾದ ಯಂತ್ರವನ್ನು ಸಂಪಾಜೆ ಘಾಟಿ ಇಳಿದು ಕರಾವಳಿಯ ಸೆಕೆಗೆ ತಂದ ಕೂಡಲೇ ತೆರೆದರೆ ತೇವದ ಗಾಳಿ ಅದರ ಲೋಹದ ಮೇಲೆ ಬೆವರಿನಂತೆ ಕೂರುತ್ತದೆ. ಚೀಲದೊಳಗೇ ಅರ್ಧ ಗಂಟೆ ಬಿಟ್ಟು, ಸುತ್ತಲಿನ ಸೆಕೆಗೆ ಅದು ಹೊಂದಿಕೊಂಡ ಮೇಲೆ ತೆರೆಯಬೇಕು.

ಪರದೆಯ ಬಗ್ಗೆ ಹೆಚ್ಚು ಹೇಳಲಾರೆ: ಹೊಳಪಿಲ್ಲದ ಮ್ಯಾಟ್ ಪರದೆ, ಕನಿಷ್ಠ 300 ನಿಟ್ಸ್ ಬೆಳಕು. 250ರದ್ದು ಜಗಲಿಯ ನೆರಳಿನಲ್ಲಿ ನಡೆಯುತ್ತದೆ, ಅಂಗಳಕ್ಕೆ ತಂದರೆ ನಿಮ್ಮ ಮುಖವೇ ಕಾಣುತ್ತದೆ. ಕೀಲಿಮಣೆ ಸಿಕ್ಕಿಸುವ ಟ್ಯಾಬ್ಲೆಟ್‌ಗಳು ಹಗುರವೇನೋ ಹೌದು, ಆದರೆ ಹಿಂದಿನ ಆನಿಕೆ ನಿಲ್ಲಲು ಮೇಜು ಬೇಕು. ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ತೊಡೆಯ ಮೇಲೆ ಇಟ್ಟು ಬರೆಯುವ ನನ್ನಂಥವರಿಗೆ ಅವು ಆಗಿ ಬರುವುದಿಲ್ಲ.

ಚೀಲಕ್ಕೆ ಹಾಕುವ ಮೊದಲು ಲ್ಯಾಪ್‌ಟಾಪನ್ನು ಪೂರ್ತಿ ಆರಿಸುವುದು, ಇಲ್ಲವೇ ಹೈಬರ್ನೇಟ್ ಮಾಡುವುದು (ತೆರೆದ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಆರಿಸುವುದು) ಒಳ್ಳೆಯದು. ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಮುಚ್ಚಳ ಹಾಕಿದರೂ ಫೋನಿನಂತೆ ಅರೆನಿದ್ದೆಯಲ್ಲಿರುತ್ತವೆ, ಅಪ್‌ಡೇಟ್‌ಗೆಂದೋ ಮತ್ತೊಂದಕ್ಕೆಂದೋ ಎಚ್ಚರಗೊಂಡು, ಗಾಳಿಯಾಡದ ಡ್ರೈ ಬ್ಯಾಗಿನೊಳಗೆ ಬಿಸಿಯೇರಿ, ಬ್ಯಾಟರಿಯನ್ನು ಕುಡಿದು ಮುಗಿಸುತ್ತವೆ. ಡಿಸ್ಕನ್ನು ಪೂರ್ತಿ ಗೂಢಲಿಪಿಗೊಳಿಸಿಡುವುದೂ ಅಗತ್ಯ. ಚೀಲ ಕಳೆದುಹೋದರೆ ಯಂತ್ರ ಮಾತ್ರ ಹೋಗುತ್ತದೆ, ಸುರಂಗದ ಮನೆಯವರು ನಂಬಿಕೆಯಿಂದ ಹೇಳಿದ ಜಾಗದ ತಕರಾರುಗಳ ಕತೆ ಪರರ ಪಾಲಾಗುವುದಿಲ್ಲ. ಚಿತ್ರಗಳ ಇನ್ನೊಂದು ಪ್ರತಿ ಅಂಗಿಯ ಒಳಜೇಬಿನ ಎಸ್‌ಎಸ್‌ಡಿಯಲ್ಲಿ, ಅಂದರೆ ಬೈಕ್‌ನಿಂದ ಬೇರೆಯಾಗಿ ಇರುತ್ತದೆ.

ಇಷ್ಟೆಲ್ಲ ಸೋಸಿದ ಮೇಲೆ ನನ್ನ ಚೀಲಕ್ಕೆ ಬಂದದ್ದು ಕಚೇರಿಯೊಂದರಲ್ಲಿ ಬಳಸಿ ಬಿಟ್ಟ, 13 ಇಂಚಿನ, ಲೋಹದ ಮುಚ್ಚಳದ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಮಂಗಳೂರಿನ ಅಂಗಡಿಯಲ್ಲಿ ಅದರ ಬ್ಯಾಟರಿ ವರದಿ ತೆಗೆಸಿ, ಹೊಸದಾಗಿದ್ದಾಗಿನ ಸಾಮರ್ಥ್ಯಕ್ಕೂ ಈಗಿನದಕ್ಕೂ ಇರುವ ಅಂತರ ನೋಡಿ, ಬ್ಯಾಟರಿ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಸಿ ಕೊಂಡೆ. 16 ಜಿಬಿ ರ‍್ಯಾಮ್ ಇದೆ, ಅದು ಬೋರ್ಡಿಗೆ ಬೆಸೆದದ್ದಾದ್ದರಿಂದ ಮುಂದೆ ಹೆಚ್ಚಿಸುವಂತಿಲ್ಲ, ನನ್ನ ಕೆಲಸಕ್ಕೆ ಕೊರತೆಯೂ ಇಲ್ಲ. ಹೊಸದನ್ನು ಏಕೆ ಕೊಳ್ಳಲಿಲ್ಲ ಎಂದು ಕೇಳುವ ಗೆಳೆಯರಿದ್ದಾರೆ. ಎರಡು ಪಟ್ಟು ಬೆಲೆಯ ಯಂತ್ರ ಟ್ಯಾಂಕಿನ ಮೇಲಿದ್ದರೆ ನನ್ನ ಕಣ್ಣು ರಸ್ತೆಗಿಂತ ಚೀಲದ ಮೇಲೆಯೇ ಇರುತ್ತಿತ್ತು, ಬೋವಿಕ್ಕಾನ ಕಳೆದು ತಿರುವುಗಳು ಶುರುವಾದ ಮೇಲೆ ಅದು ಒಳ್ಳೆಯದಲ್ಲ. ಇದರಲ್ಲಿ ಕ್ಯಾಮರಾ ಕಾರ್ಡ್ ಹಾಕುವ ಕಿಂಡಿ ಇಲ್ಲದಿರುವುದೊಂದು ಕೊರತೆ. ರೀಡರನ್ನು ಬೇರೆಯೇ ಒಯ್ಯಬೇಕಾಗುತ್ತದೆ, ಮುಂದಿನದನ್ನು ಹುಡುಕುವಾಗ ಚೀಟಿಯಲ್ಲಿ ಚೀಲದ ಅಳತೆಯ ಕೆಳಗೆ ಅದನ್ನೂ ಬರೆದುಕೊಳ್ಳುತ್ತೇನೆ.